ಅಡುಗೆಮನೆಯ ಬಾಗಿಲಿಗೆ ಬೆಳಕಿನ ಎಳೆ

ಮಂಗಳವಾರ, ಡ್ಯೂಟಿಗೆ ಹೊರಡುವ ಮೊದಲು

ಸಂಗಾತಿಯೇ,

ಭಾನುವಾರ ಚೀಲ ಹೆಗಲಿಗೇರಿಸಿ ದುರ್ದಾನ ತಗೊಂಡವನ ಹಾಗೆ ಅಕ್ಕನ ಮನೆಗೆ ಹೋದವನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಪತ್ರ. ಕ್ಷೇಮ ಸಮಾಚಾರ ಕೇಳುವುದಿಲ್ಲ. ಅಕ್ಕನ ಕೈಯಡುಗೆ ಉಂಡು ಕುಳಿತವನಿಗೆ ಏನು ಧಾಡಿ?

ಕ್ಷಮೆ ಕೇಳುತ್ತೇನೆ ಅಂದುಕೊಂಡಿದ್ದರೆ ಕಾಗದವನ್ನು ಇಲ್ಲಿಗೇ ಮಡಚಿಡು. ನಿನ್ನಿಂದ ಒಂದು ಕೆಲಸ ಆಗಬೇಕು. ವಿಜ್ಞಾನ ಪ್ರದರ್ಶನದ ವೇದಿಕೆಯಿಂದ ನೀನು ಎದ್ದು ಹೋದ ಮೇಲೆ ಶಾಲೆಯ ದೊಡ್ಡಮೇಡಂ ಹೆದರಿ ಪ್ರಯೋಗಾಲಯಕ್ಕೆ ಬೀಗ ಜಡಿದಿದ್ದಾರೆ. "ಯೂನಿಯನ್ ಲೀಡರ್‌ಗೆ ಅವಮಾನ ಆಗಿದೆ ಕಣ್ರೀ. ಅವರೇ ಬಂದು ಬೇಜಾರಿಲ್ಲ ಅನ್ಲಿ, ತೆಗೀತೀನಿ" ಅನ್ನುತ್ತಾರೆ. ಶನಿವಾರ ತಾಂತ್ರಿಕ ಕಾಲೇಜಿನವರು ಹುಡುಗಿಯರ ಕೆಲಸ ನೋಡಿ ಉಚಿತ ತರಬೇತಿಗೆ ಆರಿಸಲು ಬರುತ್ತಾರೆ. ರಜೆಯ ದಿನಗಳನ್ನೆಲ್ಲ ಸುರಿದು ನಾನು ಬೆಸುಗೆ ಹಾಕಲು ಕಲಿಸಿದ ಮಕ್ಕಳು. ಅವರು ಮಾಡಿದ ಯಂತ್ರಗಳೆಲ್ಲ ಬೀಗದ ಒಳಗಿವೆ.

ಈಗ ನಿನ್ನ ಆರೋಪಗಳಿಗೆ ಬರುತ್ತೇನೆ. ಮನೆಯೊಳಗೆ ಗೂಢಚಾರಿಕೆ ಮಾಡಿಸಿದೆ ಅಂದೆ. ಯಾವ ಗೂಢಚಾರಿಕೆ? ಯಾರು ಎಷ್ಟು ಸಲ ಒಳಗೆ ಹೋಗುತ್ತಾರೆ ಅಂತ ಎಣಿಸಲು ಹುಡುಗಿಯರು ಅಡುಗೆಮನೆಯ ಬಾಗಿಲಿಗೆ ಬೆಳಕಿನ ಎರಡು ಎಳೆ ಕಟ್ಟಿದ್ದರು, ಒಂದು ಸೊಂಟದೆತ್ತರಕ್ಕೆ, ಇನ್ನೊಂದು ನಿನ್ನ ಹಣೆಯೆತ್ತರಕ್ಕೆ. ಕುಳ್ಳಿ ನಾನು ದಾಟಿದರೆ ಕೆಳಗಿನದು ಮಾತ್ರ ಕಡಿಯುತ್ತದೆ, ನೀನು ದಾಟಿದರೆ ಎರಡೂ. ಎಳೆ ಬಿಡುವ ಆ ಡಬ್ಬಿಗಳು ವಾರಗಟ್ಟಲೆ ನಿನ್ನ ಕಣ್ಣೆದುರಿಗೇ ಇದ್ದವು. ಆ ಬಾಗಿಲ ಕಡೆ ನೋಡಿದವನಿಗಲ್ಲವೇ ಕಾಣುವುದು! ಇನ್ನು ಅನುಮತಿಯ ಮಾತು. ಬಂದವರಿಗೆಲ್ಲ ನನ್ನನ್ನು "ಅಡುಗೆಮನೆಯ ಯಜಮಾನಿ" ಅಂತ ಪರಿಚಯಿಸುವವನು ನೀನು. ಹುಡುಗಿಯರು ಯಜಮಾನಿಯ ಅನುಮತಿ ಕೇಳಿದರು. ಕೊಟ್ಟೆ.

ಆ ಎಣಿಕೆಯಿಂದ ಬರೆದ ಚಾರ್ಟಿನಲ್ಲಿ ಹೆಂಡತಿಯ ಗೆರೆ ಏರಿಳಿದಿತ್ತು, ಗಂಡನದು ನೆಟ್ಟಗೆ ಮಲಗಿತ್ತು. ಆದರೆ ಹೆಸರಿರಲಿಲ್ಲ. "ಒಂದು ಮನೆ" ಅಂತಷ್ಟೇ ಇತ್ತು. ಮುಖ್ಯ ಅತಿಥಿ ನೀನು ಪರದೆ ಸರಿಸಿ, ಓದಿ, ಚಪ್ಪಾಳೆ ತಟ್ಟಿ ಸುಮ್ಮನೆ ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿನಗೆ ಮೈಕು ಕಂಡರೆ ಮೈಮೇಲೆ ಬರುತ್ತದೆ. "ಯಾರ್ರೀ ಈ ಮಹಾರಾಯ? ಹೆಂಡತಿ ದುಡಿಮೆ ಮೇಲೆ ಕೂತು ತಿನ್ನೋ ಈ ಜಮೀನ್ದಾರನ್ನ ವೇದಿಕೆಗೆ ಕರೀರಿ!" ಅಂತ ಗುಡುಗಿದೆ. ಎರಡು ಜಡೆಯ ಆ ಪಾಪದ ಹುಡುಗಿ, ಸಣ್ಣ ದನಿಗೆ ನಾವು ಪಿಟೀಲು ಅಂತ ಕರೆಯುವವಳು, ಕೇಳಿದ್ದಕ್ಕೆ ಉತ್ತರ ಹೇಳಬೇಕು ಅಂತ ಕಲಿತವಳು, "ಅವರು ಆಗಲೇ ವೇದಿಕೆ ಮೇಲಿದ್ದಾರೆ ಸಾರ್" ಅಂದಳು. ಸಭೆ ನಕ್ಕಿತು. ನಾನೂ ನಕ್ಕೆ. ನಗು ತಡೆದುಕೊಂಡೆ ಅಂತ ಬರೆಯಲು ಹೊರಟಿದ್ದೆ, ಸುಳ್ಳು ಯಾಕೆ?

ನಾನು ಆಸ್ಪತ್ರೆಯಲ್ಲಿ ಹೃದಯದ ಯಂತ್ರ ರಿಪೇರಿ ಮಾಡುವವಳು. ನಿನ್ನ ಗೆರೆಯಂಥ ಗೆರೆ ಅಲ್ಲಿ ಮೂಡಿದರೆ ಮನೆಯವರನ್ನು ಕರೆಸಿಬಿಡುತ್ತಾರೆ.

"ನಾನು ಬಾಗಿ ಒಳಗೆ ಹೋಗ್ತೀನಿ, ಅದಕ್ಕೇ ಮೇಲಿನ ಎಳೆ ಕಡಿದಿಲ್ಲ" ಅಂತ ಅಷ್ಟು ಜನರ ಮುಂದೆ ವಾದಿಸಿದೆಯಲ್ಲ, ಆಗ ನನಗೇ ನಾಚಿಕೆಯಾಯಿತು. ಮಾಲೀಕರ ಮುಂದೆ ತಲೆ ಬಾಗದವನು ಪಾತ್ರೆ ಸ್ಟ್ಯಾಂಡಿನ ಮುಂದೆ ಬಾಗುತ್ತಾನಂತೆ! ಆದರೆ ಪಿಟೀಲು ನಗಲಿಲ್ಲ. "ಸಾರ್ ಹೇಳಿದ್ದು ನಿಜ ಇರಬಹುದು ಅಕ್ಕಾ. ಅಳತೆ ನಮ್ದೇ ತಪ್ಪಿರಬಹುದು. ಇನ್ನೊಂದ್ಸಲ ನೋಡ್ಬೇಕು" ಅಂದಳು. ನಮ್ಮ ಚಳವಳಿಯಲ್ಲಿ ಎದುರಾಳಿಯ ಮಾತು ನಿಜವಿರಬಹುದು ಅಂತ ನೀನಾಗಲಿ ನಾನಾಗಲಿ ಎಂದಾದರೂ ಅಂದಿದ್ದೇವಾ? ಘೋಷಣೆ ಕೂಗಿ ಗಂಟಲು ಹರಿದುಕೊಂಡೆವು, ಅಷ್ಟೇ. ಈ ಹುಡುಗಿಯರಿಗೆ ಕೂಗುವ ಅಗತ್ಯವೇ ಇಲ್ಲ. ಅಳೆಯುತ್ತಾರೆ.

ಪಿಟೀಲಿನ ಅಪ್ಪ ನಿನ್ನೆ ಶಾಲೆಗೆ ಬಂದಿದ್ದ. "ಯಂತ್ರ ಬಿಚ್ಚೋದು ಕಲಿತವಳು ನಾಳೆ ಸಂಸಾರ ಬಿಚ್ಚುತ್ತಾಳೆ. ಕಲಿಸೋ ಅಕ್ಕನ ಗಂಡನೇ ಮನೆ ಬಿಟ್ಟು ಓಡಿದ್ನಲ್ಲ! ಶನಿವಾರ ನನ್ನ ಮಗಳು ಬರಲ್ಲ" ಅಂದ. ನಾನು ಜಗಳಕ್ಕೆ ನಿಂತೆ, ಸೋತೆ. ಅವನ ಬಾಯಿಗೆ ಆ ಮಾತು ಕೊಟ್ಟದ್ದು ನೀನು. ಹೆಣ್ಣುಮಕ್ಕಳ ಓದಿನ ಬಗ್ಗೆ ನೀನು ಮಾಡಿದ ಭಾಷಣಗಳನ್ನೆಲ್ಲ ಆ ಒಂದು ಚೀಲ ಹೊತ್ತುಕೊಂಡು ಹೋಯಿತು.

ಶುಕ್ರವಾರದೊಳಗೆ ಬಾ. ದೊಡ್ಡಮೇಡಂ ಮುಂದೆ ನಿಂತು "ಲೆಕ್ಕ ಸರಿ ಇದೆ, ಬೇಜಾರಿಲ್ಲ" ಅನ್ನು. ಆಮೇಲೆ ಪಿಟೀಲಿನ ಅಪ್ಪನ ಮನೆಗೆ ನನ್ನ ಜೊತೆ ನಡೆದು ಬಾ. ಮನೆ ಬಿಟ್ಟು ಓಡಿದವನು ಪಕ್ಕದಲ್ಲೇ ನಿಂತದ್ದನ್ನು ಅವನು ಕಣ್ಣಾರೆ ನೋಡಲಿ. ನನಗೋಸ್ಕರ ಬರಬೇಡ. ನಾನು ನಿನ್ನ ಗೊರಕೆಯಿಲ್ಲದೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ. ಮನೆ ಒಂದಿಷ್ಟು ಜಾಸ್ತಿಯೇ ನಿಶ್ಶಬ್ದ ಅನ್ನಿಸುತ್ತದೆ, ಅಷ್ಟೇ.

ಇನ್ನೂ ನಿನ್ನವಳೇ ಆದ,
ಯಜಮಾನಿ

ಮರೆತ ಮಾತು: ಬೀಗದ ಹೊರಗೆ ಉಳಿದದ್ದು ನಮ್ಮ ಬಾಗಿಲಲ್ಲಿದ್ದ ಯಂತ್ರವೊಂದೇ. ಶನಿವಾರಕ್ಕೆ ಏನಾದರೂ ಕೈಯಲ್ಲಿರಬೇಕಲ್ಲ, ಹುಡುಗಿಯರು ಅದನ್ನು ಬಿಚ್ಚಿಕೊಂಡು ಇನ್ನೊಂದು ಮನೆ ಹುಡುಕಿದರು. ಒಂಟಿಯಾಗಿರುವ, ನನಗಿಂತಲೂ ಕುಳ್ಳಿಯಾದ ನಿನ್ನ ಅಕ್ಕ ಖುಷಿಯಿಂದ ಒಪ್ಪಿದರು. ನಿನ್ನೆ ಹುಡುಗಿಯರು ಅಕ್ಕನ ಅಡುಗೆಮನೆಯ ಬಾಗಿಲಲ್ಲಿ ಮೊಳೆ ಹೊಡೆಯುವಾಗ ನೀನು ಪೇಪರಿನಿಂದ ಮುಖ ಎತ್ತದೆ "ಹಾಗೇ ಒಳಗೆ ಒಂದು ಕಾಫಿ ಹೇಳ್ರಮ್ಮಾ" ಅಂದೆಯಂತೆ. ನಿನ್ನ ವಾದಕ್ಕೆ ಗೌರವ ಕೊಟ್ಟು ಈ ಸಲ ಮೇಲಿನ ಎಳೆಯನ್ನು ಒಂದು ಗೇಣು ಕೆಳಗಿಳಿಸಿದ್ದಾರೆ. ಎಷ್ಟು ಬಾಗಿದರೂ ಸಿಗುತ್ತದೆ. ಇನ್ನೂ ನಿನ್ನ ಗೆರೆ ಅಲುಗಿಲ್ಲ. ಕಾಗದ ತಂದುಕೊಟ್ಟ ಪಿಟೀಲು ಅಲ್ಲೇ ನಿಂತಿದ್ದಾಳೆ. ಕುಡಿದ ಲೋಟ ಎತ್ತಿಕೊಂಡು ಒಳಗೆ ನಡೆ, ಮಾರಾಯ.