‘ಬಾ’ ಅಂದರೆ ‘ಹೋಗಿ ಬಾ’

ಮಸ್ಕಿ
ಶ್ರಾವಣ ಶುಕ್ರವಾರ ಸಂಜೆ, ತಾ. ೧೨-೮-೧೯೫೫

ಪ್ರೀತಿಯ ಕಸ್ತೂರಿಗೆ, ನಿನ್ನ ಮನೆಯವನು ಮಾಡುವ ಅನೇಕ ಆಶೀರ್ವಾದಗಳು.

ಉಳಿದದ್ದೆಲ್ಲ ಆಮೇಲೆ, ಮೊದಲು ಇದನ್ನು ಓದು. ಇಲ್ಲಿ ಯಾರೂ ಸತ್ತಿಲ್ಲ. ಯಾರೂ ಹಾಸಿಗೆ ಹಿಡಿದಿಲ್ಲ. ಅವ್ವ ಗಟ್ಟಿಯಾಗಿದ್ದಾಳೆ, ನಾನು ಇದನ್ನು ಬರೆಯುವಾಗಲೂ ಪಡಸಾಲೆಯಲ್ಲಿ ಕೂತು ಸಜ್ಜೆ ಹಸನು ಮಾಡುತ್ತ, ಪಕ್ಕದ ಮನೆಯ ಯಮನಮ್ಮನ ಕೋಳಿಗಳನ್ನು ಬೈಯುತ್ತಿದ್ದಾಳೆ. ಸಿಂಧನೂರಿನಲ್ಲಿ ನಿನ್ನ ಅಪ್ಪ ಅವ್ವ ಆರಾಮ ಇದ್ದಾರೆಂದು ಮೊನ್ನೆ ಸಂತೆಗೆ ಬಂದವರು ಹೇಳಿದರು. ನಾನೂ ಆರಾಮ, ಅಂದರೆ ಮೈಯಿಂದ ಆರಾಮ. ನಿನ್ನ ಆರೋಗ್ಯ ಹೇಗಿದೆ? ಕೆಮ್ಮು ಹೋಯಿತೇ? ಹಾಸ್ಟೆಲಿನ ಅನ್ನ ಹಿಡಿಸಿತೋ, ಇನ್ನೂ ರೊಟ್ಟಿಗಾಗಿ ಬಾಯಿ ಬಿಡುತ್ತೀಯೋ? ಇದನ್ನೆಲ್ಲ ಸಾವಕಾಶ ಕೇಳುವುದು ರೀತಿ. ಆದರೆ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ ಕಸ್ತೂರಿ. ನಿನ್ನೆಯಿಂದ ಅಂಗಡಿಗೂ ಮನೆಗೂ ಓಡಾಡುತ್ತಿದ್ದೇನೆ.

ಬುಧವಾರ ನಾನು ಲಿಂಗಸುಗೂರಿನಿಂದ ಹೊಡೆದ ತಂತಿ ನಿನಗೆ ಮುಟ್ಟಿರುತ್ತದೆ. ಅದರಲ್ಲಿ ‘ಕಮ್’ ಅಂತ ಒಂದೇ ಮಾತು ಇತ್ತು, ಕೆಳಗೆ ನನ್ನ ಹೆಸರು. ನೀನು ಅದನ್ನು ಓದಿ ಅವ್ವನಿಗೆ ಏನೋ ಆಗಿದೆ ಎಂದು ಎದೆ ಒಡೆದುಕೊಂಡಿರಬಹುದು. ಇಲ್ಲವೇ ನಾನು ಮಂದಿಯ ಮಾತು ಕೇಳಿ ನಿನ್ನನ್ನು ವಾಪಸು ಕರೆದೆ ಎಂದು ಟ್ರಂಕು ತುಂಬುತ್ತಿರಬಹುದು. ಎರಡೂ ಅಲ್ಲ. ನಾನು ವಿಲಾಯತಿಗೆ ಹೋಗಿ ಬಾ ಎಂದು ಹೇಳಲು ಹೋದವನು. ಹೇಳಲಿಕ್ಕೆ ಹೋಗಿ ಇದಾಯಿತು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಮಾಡಿದವನು ಪೆದ್ದನೋ ಪಾಪಿಯೋ ನೀನೇ ಹೇಳು. ಮಂಗಳವಾರ ನಿನ್ನ ಕಾಗದ ಬಂತು. ನಿಮ್ಮ ದವಾಖಾನೆಯಲ್ಲಿ ನರ್ಸ್ ಓದುವವರೊಳಗೆ ಇಬ್ಬರನ್ನು ಆರು ತಿಂಗಳು ವಿಲಾಯತಿಯಲ್ಲಿ ಹೆರಿಗೆಯ ವಿದ್ಯೆ ಕಲಿಯಲು ಕಳಿಸುತ್ತಾರೆ, ಅದರಲ್ಲಿ ಒಂದು ಹೆಸರು ನಿನ್ನದು ಎಂದು ನೀನು ಬರೆದಿದ್ದೆ. ಸೋಮವಾರದೊಳಗೆ ಹೂಂ ಅನ್ನಬೇಕು, ಇಲ್ಲದಿದ್ದರೆ ಮುಂದಿನ ಹುಡುಗಿಗೆ ಹೋಗುತ್ತದೆ ಎಂದೂ ಬರೆದಿದ್ದೆ. ಕೊನೆಗೆ ‘ನೀವು ಹೋಗು ಅಂದ್ರ ಹೋಗ್ತೀನಿ, ಬ್ಯಾಡ ಅಂದ್ರ ಗಂಟು ಕಟ್ಟಿಕೊಂಡು ಮನಿಗೆ ಬರ್ತೀನಿ, ತಂತಿ ಹೊಡೀರಿ’ ಅಂದೆ. ನಾನು ಅದನ್ನು ಅಂಗಡಿಯಲ್ಲಿ ನಿಂತೇ ಓದಿದೆ. ಸೀರೆ ನೋಡಲು ಬಂದಿದ್ದ ಗುರುಗುಂಟಾದ ಹೆಣ್ಣುಮಕ್ಕಳು ಈ ಸಾವಕಾರನಿಗೆ ಏನಾಯಿತೆಂದು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಸಂತೋಷವಾಯಿತು, ಹೆದರಿಕೆಯೂ ಆಯಿತು, ಯಾವುದು ಮೊದಲೋ ತಿಳಿಯಲಿಲ್ಲ.

ಆದೆಪ್ಪ ಕಾಕಾನಿಗೆ ಸುದ್ದಿ ಮುಟ್ಟಿದ್ದು ಹೇಗೋ ಆ ಬೆಟ್ಟದ ಮಲ್ಲಯ್ಯ ದೇವರಿಗೇ ಗೊತ್ತು. ಸಂಜೆಯೊಳಗೆ ಬಂದು ಕಟ್ಟೆಯ ಮೇಲೆ ಕೂತ. ‘ನೀರು ದಾಟಿದ ಹೆಣ್ಣು ಮನಿ ದಾಟಿದಂಗ’ ಅಂದ. ಲಿಂಗ ಕಟ್ಟಿದವರ ಮನೆಯ ಸೊಸೆ ಹೈದರಾಬಾದಿನಲ್ಲಿ ಕಂಡವರ ಮೈ ಮುಟ್ಟುವುದೇ ಸಾಲದೆ, ಈಗ ಬಿಳಿಯರ ಬಾಣಂತಿತನ ಮಾಡಲು ಹೋಗುತ್ತಾಳೇನು ಎಂದು ಕೇಳಿದ. ಹೋದರೆ ಹೋಗಲಿ, ಶ್ರಾವಣ ಕಳೆದ ಮೇಲೆ ಇನ್ನೊಂದು ಹೆಣ್ಣು ನೋಡೋಣ ಎಂದೂ ಸೇರಿಸಿದ. ನಾನು ಕಾಕಾನಿಗೆ ಎದುರಾಡಿದವನಲ್ಲ, ನಿನಗೇ ಗೊತ್ತು. ಅವತ್ತು ಮಾತ್ರ ‘ನೋಡೂದಿದ್ರ ನಿನಗ ನೋಡ್ಕೊ ಕಾಕಾ’ ಅಂದುಬಿಟ್ಟೆ. ಅವನು ಎದ್ದು ರುಮಾಲು ಝಾಡಿಸಿಕೊಂಡು ಹೋದ. ಒಳಗಿನಿಂದ ಅವ್ವ ನಕ್ಕದ್ದು ಕೇಳಿಸಿತು.

ಅವ್ವ ನಿನ್ನ ಪರವಾಗಿದ್ದಾಳೆ. ಇದನ್ನು ನೀನು ನಂಬಲಿಕ್ಕಿಲ್ಲ, ಆದರೂ ನಿಜ. ಅವಳು ನನಗೆ ಹೇಳಿದ್ದು ಒಂದೇ ಮಾತು: ‘ಬರೇ ಹೋಗು ಅಂತ ಬರಸಬ್ಯಾಡೋ ತಮ್ಮಾ. ಹೋಗು ಅನ್ನೂದು ತಿರುಗಿ ಬರಲಾರದವ್ರಿಗೆ.’ ಹೂಂ ಅಂದೆ. ಇಷ್ಟಕ್ಕೆ ಅವಳು ಹೇಳಬೇಕೇ? ನೀರಿಗೆ ಹೋಗುವಾಗಲೂ ನೀನು ಹೊಸ್ತಿಲಲ್ಲಿ ನಿಂತು ‘ಬರ್ತೀನ್ರೀ’ ಅನ್ನುತ್ತೀ, ನಾನು ತಲೆ ಎತ್ತದೆ ‘ಹೂಂ, ಬಾ’ ಅನ್ನುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೋಗು ಅಂದದ್ದಿಲ್ಲ.

ಬುಧವಾರ ಬೆಳಿಗ್ಗೆ ಲಿಂಗಸುಗೂರಿಗೆ ಹೋದೆ. ತಂತಿ ಮಾಸ್ತರ ಗದ್ದೆಪ್ಪ ನಮ್ಮ ಅಂಗಡಿಯ ಗಿರಾಕಿ, ಬಹಳ ಮರ್ಯಾದೆಯ ಮನುಷ್ಯ. ವಿಷಯ ಹೇಳಿದೆ. ‘ಗೋ ಅಂತ ಹಾಕಿದ್ರ ಸಾಕ್ರಿ ಸಾವಕಾರ್ರ’ ಅಂದ. ಗೋ ಅಂದರೇನು ಎಂದೆ. ಹೋಗು ಅಂದ. ನಾನು ಓದಿದ್ದು ನಿಜಾಮರ ಉರ್ದು ಶಾಲೆಯಲ್ಲಿ, ಕನ್ನಡ ಕಲಿತದ್ದು ಮಠದ ಅಯ್ಯನ ಹತ್ತಿರ, ಇಂಗ್ಲೀಷು ನನಗೆ ಕಾಗೆ ಗುಬ್ಬಿಯ ಕಾಲು. ಆದರೂ ಬರೀ ಹೋಗು ಬೇಡ ಅನ್ನುವಷ್ಟು ಬುದ್ಧಿ ಇತ್ತು. ಹೇಳಿದ ಕೂಡಲೇ ಗದ್ದೆಪ್ಪನೂ ನಾಲಿಗೆ ಕಚ್ಚಿಕೊಂಡ. ‘ಖರೇ ಬಿಡ್ರಿ, ಸಮುದ್ರ ದಾಟೋ ಹೆಣ್ಣಮಗಳಿಗೆ ಹೋಗು ಅಂತಾರೇನ್ರೀ, ನನ್ನ ಬಾಯಾಗ ಯಾಕ ಬಂತು’ ಅಂದ. ಎರಡೂ ಸೇರಿಸಿ ಹಾಕು ಎಂದರೆ, ಇಂಗ್ಲೀಷಿನಲ್ಲಿ ಹೋಗು, ಬಾ ಎಂದು ಒಟ್ಟಿಗೆ ಬರೆದರೆ ಆ ಕಡೆಯವರು ಗಲಿಬಿಲಿಯಾಗುತ್ತಾರೆ, ಒಂದೇ ಇರಬೇಕು ಅಂದ. ಇಬ್ಬರೂ ಕೂತು ವಿಚಾರ ಮಾಡಿದೆವು. ಎರಡರಲ್ಲಿ ಶುಭವಾದದ್ದು ಯಾವುದು? ಬಾ. ಮನೆಯಲ್ಲಿ ಹೆಣ್ಣುಮಕ್ಕಳಿಗೆ ಅಪ್ಪಣೆ ಕೊಡುವುದು ಹೇಗೆ? ಬಾ ಅಂತಲೇ. ಹಾಗಾದರೆ ಬಾ ಇರಲಿ ಎಂದು ಇಬ್ಬರಿಗೂ ಒಪ್ಪಿಗೆಯಾಯಿತು. ಗದ್ದೆಪ್ಪ ಕೈಮುಗಿದು ಕಟಕಟ ಹೊಡೆದ. ನಾನು ಚಹಾ ಕುಡಿದು, ಏನೋ ದೊಡ್ಡ ಕೆಲಸ ಮಾಡಿದವನ ಹಾಗೆ ಮೀಸೆ ಒರೆಸಿಕೊಂಡು ಊರಿಗೆ ಬಂದೆ.

ನಿನ್ನೆ ಸಂಜೆ ಸಾಲಿ ಮಾಸ್ತರ ಕರಿಬಸಯ್ಯನವರು ಅಂಗಡಿಗೆ ಬಂದಿದ್ದರು. ಊರಲ್ಲಿ ಇಂಗ್ಲೀಷು ಬರುವುದು ಅವರಿಗೇ ತಾನೆ, ತಂತಿಯ ಸಂಗತಿ ಹೆಮ್ಮೆಯಿಂದ ಹೇಳಿದೆ. ಅವರು ಹೆಗಲ ಮೇಲಿನ ಪಂಚೆ ಸರಿಮಾಡಿಕೊಂಡು ನನ್ನನ್ನೇ ನೋಡಿದರು. ‘ಏನು ಮಾಡಿ ಬಂದಿಯೋ ಅಮರಗುಂಡಾ, ಹೆಂಡತೀನ ವಾಪಸ್ ಕರಸೀಯಲ್ಲೋ’ ಅಂದರು. ನಾನು ವಾದ ಮಾಡಿದೆ. ನಮ್ಮಲ್ಲಿ ಬಾ ಅಂದರೆ ಹೀಗೆ ಎಂದೆ. ನಮ್ಮಲ್ಲಿ ಹೌದಪ್ಪ, ಹೊಸ್ತಿಲಲ್ಲಿ ಎದುರು ನಿಂತಾಗ ಹೌದು, ಆದರೆ ಹೈದರಾಬಾದಿನಲ್ಲಿ ಕೂತವಳಿಗೆ ಮಸ್ಕಿಯಿಂದ ಬಾ ಅಂದರೆ ಬಾ ಅಂತಲೇ ಅಂದರು. ನಮ್ಮ ಕಡೆ ತಂತಿ ಬರುವುದೇ ಸಾವಿಗೆ ಎಂದೂ ಅಂದರು. ಅಷ್ಟು ಓದಿದ ಹೆಂಡತಿಗೆ ಇಷ್ಟು ಪೆದ್ದ ಗಂಡ ಯಾಕೆ ಗಂಟು ಬಿದ್ದ ಅಂತ ನನ್ನ ಮೇಲೆಯೇ ನನಗೆ ಹೇಸಿಕೆಯಾಯಿತು.

ಹುಣ್ಣಿನ ಮೇಲೆ ಬರೆ ಅನ್ನುವ ಹಾಗೆ ಈ ಸುದ್ದಿಯೂ ಆದೆಪ್ಪ ಕಾಕಾನಿಗೆ ಮುಟ್ಟಿತು. ನಮ್ಮ ಹುಡುಗ ಹಾದಿಗೆ ಬಂದ, ಸೊಸೆಯನ್ನು ಕರೆಸಿಕೊಂಡ ಎಂದು ಇವತ್ತು ಬೆಳಿಗ್ಗೆ ಮಠದ ಓಣಿಯಲ್ಲಿ ಸಕ್ಕರೆ ಹಂಚಿದ. ನನಗೂ ಒಂದು ಚಿಟಿಕೆ ತಂದು ಕೊಟ್ಟ. ನಾನು ಉಗುಳಿದೆ. ಇನ್ನು ನೀನು ಬಂದು ಇಳಿದರೆ ಇಡೀ ಊರು ನನ್ನ ಬೆನ್ನು ತಟ್ಟುತ್ತದೆ, ಕಸ್ತೂರಿ. ಆ ಬೆನ್ನು ಹೊತ್ತುಕೊಂಡು ನಾನು ಹೇಗೆ ಬದುಕಲಿ?

ಯಾಕೆ ಇಷ್ಟು ಒದ್ದಾಡುತ್ತೇನೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಅವತ್ತು ನಿನಗೆ ಹೆರಿಗೆಯ ನೋವು ಎದ್ದು ಗಾಡಿ ಕಟ್ಟಿಕೊಂಡು ಲಿಂಗಸುಗೂರಿನ ದವಾಖಾನೆಗೆ ಹೊರಟಾಗ ಹಳ್ಳ ತುಂಬಿ ಬಂದಿತ್ತು. ಈ ದಂಡೆಯಲ್ಲೇ ಗಾಡಿ ನಿಂತಿತು. ಕೂಸು ಬಂತು, ಅಳಲಿಲ್ಲ. ಸೂಲಗಿತ್ತಿ ಹುಸೇನ್‌ಬೀ ತನ್ನ ಕೈಲಾದದ್ದು ಮಾಡಿದಳು. ಆ ಮೇಲೆ ನೀನು ಎಷ್ಟೋ ದಿನ ಮಾತಾಡಲಿಲ್ಲ, ಆಡಿದ ಮೊದಲ ಮಾತೇ ‘ನಾ ಕಲೀತೀನ್ರೀ’ ಅಂತ. ನಿನ್ನನ್ನು ಓದಲು ಕಳಿಸಿದ್ದಕ್ಕೆ ಮಂದಿ ನನ್ನನ್ನು ಒಳ್ಳೆಯವನೆಂದೂ ಅಂದರು, ಹೆಂಡತಿಯ ಗುಲಾಮನೆಂದೂ ಅಂದರು. ನಾನು ಎರಡೂ ಅಲ್ಲ. ಆ ದಂಡೆಯಲ್ಲಿ ನಿಂತಿದ್ದವನು ನಾನು, ಅಷ್ಟೇ. ಈಗ ಹುಸೇನ್‌ಬೀ ದಿನಾ ಅಂಗಡಿಯ ಮುಂದೆ ನಿಂತು ಕೇಳುತ್ತಾಳೆ: ‘ಆ ಹುಡುಗಿ ಯಾವಾಗ ಕಲತು ಬರ್ತಾಳ್ರೀ, ನನ್ನ ಕೈ ನಡಗಾಕತ್ತಾವ.’ ಅವಳಿಗೆ ಏನು ಹೇಳಲಿ? ಒಂದು ಮಾತು ಇಂಗ್ಲೀಷಿನಲ್ಲಿ ತಪ್ಪಿತು, ಅದಕ್ಕೆ ಅವಳು ಕಲಿಯಲಿಲ್ಲ ಎಂದು ಹೇಳಲೇ?

ಇನ್ನೊಂದು ತಂತಿ ಹೊಡೆಯೋಣವೆಂದರೆ ಅದೇ ಹಳ್ಳ ನಿನ್ನೆ ರಾತ್ರಿಯಿಂದ ತುಂಬಿ ಹರಿಯುತ್ತಿದೆ, ಲಿಂಗಸುಗೂರಿನ ದಾರಿ ಬಂದಾಗಿದೆ. ದಾರಿ ಇದ್ದರೂ ತಂತಿಯ ಗೊಡವೆ ನನಗೆ ಸಾಕಾಗಿದೆ. ಎರಡನೆಯದು ಬಂದರೆ ಮೊದಲು ಅವ್ವ ಸತ್ತಳು, ಈಗ ಗಂಡನೂ ಹೋದ ಎಂದುಕೊಂಡೀ. ನಾನೇ ಹೊರಟು ಬರುತ್ತಿದ್ದೆ. ಆದರೆ ನಾನು ಆ ಕಡೆ ಬರುವಾಗ ನೀನು ಈ ಕಡೆ ಬಂದರೆ? ನಡುದಾರಿಯಲ್ಲಿ ಎರಡು ರೈಲುಗಾಡಿ ಸಿಳ್ಳು ಹಾಕಿಕೊಂಡು ದಾಟಿಹೋದರೆ? ಅದಲ್ಲದೆ ಹೋದ ಸಲ ನಿಮ್ಮ ಹಾಸ್ಟೆಲಿನ ಮೇಡಮ್ಮನವರು ಗಂಡನೆಂದು ಹೇಳಿದರೂ ನನ್ನನ್ನು ಗೇಟಿನ ಹೊರಗೇ ನಿಲ್ಲಿಸಿದ್ದು ಮರೆತಿಲ್ಲ. ಅದಕ್ಕೇ ಬಳೆಗಾರ ಗೋಪಣ್ಣನನ್ನು ಹಿಡಿದೆ. ಅವನು ಬಳೆ ತರಲು ನಾಳೆ ಬೆಳಿಗ್ಗೆ ರಾಯಚೂರಿನ ಮೇಲಿಂದ ಹೈದರಾಬಾದಿಗೆ ಹೊರಟಿದ್ದಾನೆ, ಆ ದಾರಿಗೆ ಹಳ್ಳ ಅಡ್ಡ ಬರುವುದಿಲ್ಲ, ರವಿವಾರ ಅಲ್ಲಿ ಇರುತ್ತಾನೆ. ಗಂಡನನ್ನು ಬಿಡದ ಮೇಡಮ್ಮ ಬಳೆಗಾರನನ್ನು ಬಿಟ್ಟೇ ಬಿಡುತ್ತಾಳೆ, ಶ್ರಾವಣದಲ್ಲಿ ಬಳೆ ಬೇಡ ಅನ್ನುವ ಹೆಣ್ಣುಮಕ್ಕಳು ಯಾವ ಹಾಸ್ಟೆಲಿನಲ್ಲಿದ್ದಾರೆ? ಅವನು ನಿನ್ನ ಕೈಗೆ ಹಸಿರು ಬಳೆ ಇಡುವಾಗ ಈ ಕಾಗದವನ್ನೂ ಕೊಡುತ್ತಾನೆ. ಬಳೆ ಅವ್ವ ಕೊಟ್ಟದ್ದೆಂದು ತಿಳಿ.

ಆದ್ದರಿಂದ ಸೋಮವಾರ ಮೇಡಮ್ಮನವರ ಮುಂದೆ ಹೋಗಿ ಹೂಂ ಅನ್ನು. ಈಗಾಗಲೇ ಉಹೂಂ ಅಂದಿದ್ದರೆ, ನಮ್ಮ ಮನೆಯವರಿಗೆ ಇಂಗ್ಲೀಷು ಬರುವುದಿಲ್ಲ, ತಪ್ಪಾಯಿತು ಎಂದು ಹೇಳು. ನಾಚಿಕೊಳ್ಳಬೇಡ. ಅವರು ನಕ್ಕರೆ ನನ್ನನ್ನು ನೋಡಿ ನಗಲಿ. ಬೇಕಾದರೆ ನನ್ನ ಈ ಕಾಗದವನ್ನೇ ತೋರಿಸು, ಅಲ್ಲಿ ಕನ್ನಡ ಬರುವವರು ಯಾರಾದರೂ ಓದಿ ಹೇಳಲಿ. ನಾನು ಸುಳ್ಳು ಧೈರ್ಯ ಹೇಳುವುದಿಲ್ಲ. ನೀನು ಇಲ್ಲದ ಮನೆಯಲ್ಲಿ ನನಗೆ ಈಗಲೇ ಹೊತ್ತು ಹೋಗುವುದಿಲ್ಲ, ಅಷ್ಟು ದೂರ ಹೋದರೆ ಏನಾಗುತ್ತೇನೋ ಗೊತ್ತಿಲ್ಲ. ಅಲ್ಲಿ ಥಂಡಿ ಬಹಳವಂತೆ. ಕಂಬಳಿ ಒಯ್ಯಿ, ಗುರುಗುಂಟಾದ ಕುರುಬರ ಕಡೆಯಿಂದ ಒಂದು ಒಳ್ಳೆಯದನ್ನು ತೆಗೆದಿಟ್ಟಿದ್ದೇನೆ, ಹಡಗು ಹತ್ತುವ ಮೊದಲು ಮುಟ್ಟಿಸುತ್ತೇನೆ. ಬಿಳಿಯರು ನೋಡಿ ನಕ್ಕರೆ ನಗಲಿ, ಹೊದ್ದುಕೊಂಡು ನೋಡಿದ ಮೇಲೆ ಅವರೂ ಕೇಳುತ್ತಾರೆ.

ಅವ್ವ ನಿನ್ನ ನೆತ್ತಿ ನೇವರಿಸಿದಳೆಂದು ತಿಳಿ. ಬೆಟ್ಟದ ಮಲ್ಲಯ್ಯ ನೀರಿನ ಮೇಲೂ ನಿನ್ನ ಬೆನ್ನಿಗಿರಲಿ. ನಿನ್ನ ಜೊತೆಯ ಹುಡುಗಿಯರಿಗೆ ಕೇಳಿದೆನೆಂದು ಹೇಳು.

ನಿನ್ನ
ಅಮರಗುಂಡಪ್ಪ

ತಾ. ಕ.: ಶನಿವಾರ ಬೆಳಿಗ್ಗೆ. ಬಸ್ಸಿನ ಹತ್ತಿರ ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಕೂಡಿಸಿಕೊಂಡು ಓದು. ಹಳ್ಳ ಇಳಿದಿದೆ. ಲಿಂಗಸುಗೂರಿನ ತಂತಿ ಜವಾನ ಈಗ ದಾಟಿ ಬಂದು ನೀನು ಗುರುವಾರ ಹೊಡೆದ ತಂತಿ ಕೊಟ್ಟ. ಮಾಸ್ತರರ ಮನೆಗೆ ಓಡಿ ಓದಿಸಿದೆ. ‘ಕಮಿಂಗ್’ ಎಂದು ಒಂದೇ ಮಾತು ಇದೆ. ಬರ್ತೀನಿ ಅಂತ, ಅಂದರು. ಯಾವ ಬರ್ತೀನ್ರೀ ಎಂದು ಕೇಳಿದೆ. ಬರ್ತೀನಿ ಅಂದ್ರ ಬರ್ತೀನಿ, ಎಷ್ಟು ಥರಾ ಇರ್ತಾವೋ ಎಂದು ಬೈದರು. ನಾನು ಇನ್ನೇನು ಹೇಳಲಿ? ಅದು ನೀನು ಹೊಸ್ತಿಲಲ್ಲಿ ನಿಂತು ಹೇಳುವ ಬರ್ತೀನಿಯೋ, ಟ್ರಂಕು ಹಿಡಿದು ಬರುವ ಬರ್ತೀನಿಯೋ? ನೀನು ನಿನ್ನೆಯ ರೈಲುಗಾಡಿಗೆ ಬಂದಿದ್ದರೆ ಇಷ್ಟೊತ್ತಿಗೆ ಮನೆಯಲ್ಲಿರುತ್ತಿದ್ದೆ. ಇವತ್ತಿನದು ಇನ್ನೂ ಇದೆ. ಗೋಪಣ್ಣನ ಜೊತೆ ನಾನೂ ರಾಯಚೂರಿಗೆ ಹೊರಟೆ. ನೀನು ಇಳಿದರೆ ಸ್ಟೇಷನ್ನಿನಿಂದಲೇ ತಿರುಗಿ ಹತ್ತಿಸುತ್ತೇನೆ, ಮನೆಗೆ ಕರೆದುಕೊಂಡು ಬರುವುದಿಲ್ಲ, ಅಳು ಬಂದರೆ ಇಬ್ಬರೂ ಅಲ್ಲೇ ಅತ್ತುಬಿಡೋಣ. ನೀನು ಈ ಕಾಗದವನ್ನು ಹಾಸ್ಟೆಲಿನಲ್ಲಿ ಕೂತು ಓದುತ್ತಿದ್ದರೆ, ಬಂದಿಲ್ಲ ಅಂತಾಯಿತು, ನಾನು ಅಂದದ್ದು ಅಂದ ಹಾಗೆಯೇ ನಿನಗೆ ತಿಳಿಯಿತು ಅಂತಾಯಿತು. ಆ ಗಾಡಿಯಲ್ಲಿ ನೀನು ಇರಬಾರದೆಂದು ಮಲ್ಲಯ್ಯನನ್ನು ಬೇಡಿಕೊಳ್ಳುತ್ತಲೇ ಒಂದೊಂದು ಡಬ್ಬಿಯಲ್ಲೂ ನಿನ್ನನ್ನು ಹುಡುಕುತ್ತಿರುತ್ತೇನೆ.