ಅಮ್ಮ ಒತ್ತಿದ ಬಾಣದ ಗುರುತು

ಮನೆಯಿಂದ,
ಜೂನ್ ೧೪, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಬಿಸಿಲಿಗೆ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತೀಯೋ, ಇಲ್ಲ ಅದಕ್ಕೂ ಮೇಸ್ತ್ರಿಯ ಅಪ್ಪಣೆ ಬೇಕೋ? ಈಚೆಗೆ ಫೋನಿನಲ್ಲಿ 'ಕ್ಷೇಮ' ಎಂಬ ಎರಡಕ್ಷರ ಬಿಟ್ಟರೆ ನಿನ್ನಿಂದ ಬೇರೇನೂ ಬರುವುದಿಲ್ಲ. ತೊಟ್ಟಿಲಿನಿಂದಲೇ ಬಾಯಿಬಡುಕ ನೀನು. ನೀನು ಎರಡಕ್ಷರಕ್ಕೆ ಇಳಿದರೆ ಅದು ಕ್ಷೇಮವಲ್ಲ ಎಂದು ತಿಳಿಯಲು ನನಗೆ ಯಾವ ಶಾಸ್ತ್ರವೂ ಬೇಕಿಲ್ಲ. ಅದಕ್ಕೇ ಈ ಕಾಗದ. ನಿಮ್ಮ ಶೆಡ್ಡಿನ ಅಡುಗೆಯಣ್ಣ ರಜೆ ಮುಗಿಸಿ ವಿಮಾನ ಹತ್ತಲು ಹೊರಟಿದ್ದಾರೆ, ಅವರ ಅಂಗಿಯ ಮಡಿಕೆಯೊಳಗೆ ಇದು ಬರುತ್ತದೆ. ಫೋನಿಗೆ ಬರೆದರೆ ನಿನಗಿಂತ ಮೊದಲು ನಿಮ್ಮ ಸೂಪರ್‌ವೈಸರ್ ಓದುತ್ತಾನಂತಲ್ಲ.

ಅಮ್ಮ ಗಟ್ಟಿಯಾಗಿದ್ದಾಳೆ. ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಮುಷ್ಕರ ಹೂಡಿದೆ. ನಾನು ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಸಾಲಿನಲ್ಲೇ ಇದ್ದೇನೆ. ಕುಡಿಯುವ ನೀರು ಕೇಳಿದ್ದಕ್ಕೆ ನನ್ನ ಮಿಷನ್ನನ್ನು ಶೌಚಾಲಯದ ಬಾಗಿಲ ಪಕ್ಕಕ್ಕೆ ಎಳೆದು ಹಾಕಿದ್ದಾರೆ. ನಾತಕ್ಕೆ ಹೆದರುವವಳಲ್ಲ ನಾನು. ದೊಡ್ಡ ನಾತ ಮಾಲೀಕರ ಕೋಣೆಯಿಂದ ಬರುತ್ತದೆಂದು ನನಗೆ ಗೊತ್ತು.

ಈಗ ಆ ದಿನದ ಮಾತು. ಆಚೆ ಬದಿಯಲ್ಲಿ ಆಗಿದ್ದನ್ನು ನೀನು ಕಣ್ಣಾರೆ ಕಂಡೆ. ಈಚೆ ಬದಿಯಲ್ಲಿ ಆಗಿದ್ದನ್ನು ನಿನಗೆ ಯಾರೂ ಹೇಳಿಲ್ಲ. ನೀನೂ ಉದ್ದಣ್ಣನೂ ಒಂದೇ ಕೋಣೆಯಲ್ಲಿ ಮಲಗಲು ಶುರುಮಾಡಿದಾಗಿನಿಂದ ಎರಡು ಮನೆಗಳಿಗೂ ಒಂದು ರೂಢಿ ಬಿದ್ದಿತ್ತಲ್ಲ: ಇಬ್ಬರಲ್ಲಿ ಯಾರು ಮಾತಾಡಿ ದನಿ ತುಂಬಿ ಫೋನಿಗೆ ಕಳಿಸಿದರೂ ಆ ಕ್ಷಣವೇ ಇನ್ನೊಂದು ಮನೆಗೆ ದಾಟಿಸುವುದು. ನಿನ್ನ ದನಿ ಬಂದರೆ ಅಮ್ಮ ಆ ಬಾಣದ ಗುರುತು ಒತ್ತಿ ಹಿಂದಿನ ಬೀದಿಯ ಉದ್ದಣ್ಣನ ಹೆಂಡತಿಗೆ ಕಳಿಸುವಳು. ಅವನ ದನಿ ಬಂದರೆ ಅವಳು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಅಮ್ಮನಿಗೆ ಕಳಿಸುವಳು. ಹೇಗೂ ಅಮ್ಮನಿಗೆ ಕೇಳಿಸದು. ಮೊದಲು ದಾಟಿಸಿ, ಆಮೇಲೆ ನಾನು ಬಂದು ಕಿವಿಯಲ್ಲಿ ಕೂಗಿ ಹೇಳುವವರೆಗೆ ಕಾಯುವುದೇ ಅವಳ ಕ್ರಮ.

ಆ ಮಧ್ಯಾಹ್ನ ನಾನು ಕಾರ್ಖಾನೆಯಲ್ಲಿದ್ದೆ. ಮನೆಗಿರುವುದು ಅಮ್ಮನ ಫೋನೊಂದೇ, ನಿನ್ನ ದನಿ ಅದಕ್ಕೇ ಬಂತು. "ಅಕ್ಕಾ, ಉದ್ದಣ್ಣ ಮೇಲಿಂದ ಬಿದ್ಬಿಟ್ಟ. ಸೇಫ್ಟಿ ಬೆಲ್ಟ್ ಕೊಡಿ ಅಂತ ಬೆಳಿಗ್ಗೆಯಿಂದ ಕೇಳ್ತಾನೇ ಇದ್ದ, ನಾಳೆ ಕೊಡ್ತೀನಿ, ಈಗ ಮೇಲೆ ಹತ್ತು ಅಂದ ಮೇಸ್ತ್ರಿ. ಗಾಡಿ ಇನ್ನೂ ಬಂದಿಲ್ಲ. ಅವನ ಹೆಂಡ್ತಿಗೆ ಈಗ್ಲೇ ಹೇಳ್ಬೇಡ ಅಕ್ಕಾ, ನೀನೇ ಹೋಗಿ ಮೆಲ್ಲಗೆ ಹೇಳು." ಮೆಲ್ಲಗೆ ಹೇಳಲು ನಾನೆಲ್ಲಿದ್ದೆ? ಅಮ್ಮ ಸಂತೋಷದಿಂದ ಬಾಣ ಒತ್ತಿ, ಫೋನನ್ನು ಎದೆಗೊತ್ತಿಕೊಂಡು ನನ್ನ ದಾರಿ ಕಾಯುತ್ತ ಕುಳಿತಿದ್ದಳು. ನಾನು ಬಂದು ಕೇಳುವಷ್ಟರಲ್ಲಿ ನೀನು ಅದನ್ನು ಅಳಿಸಿದ್ದೆ. ಆಮೇಲೆ ನಿನ್ನ ಫೋನು: "ಅಕ್ಕಾ, ನಾನೇನೂ ಹೇಳಿಲ್ಲ, ನೀನೇನೂ ಕೇಳಿಲ್ಲ." ಮನೆಯವರ ಗುಂಪಿನಿಂದಲೂ ಹೊರಬಿದ್ದೆ. ಬೈಯುತ್ತಿಲ್ಲ ಮಾರಾಯ. ನಿನ್ನ ಪಾಸ್‌ಪೋರ್ಟ್ ಯಾರ ಬೀರುವಿನಲ್ಲಿದೆ ಎಂದು ನನಗೆ ಗೊತ್ತು. ಆದರೆ ನೀನು ಅಳಿಸಿದ್ದು ನಮ್ಮ ಫೋನಿನಿಂದ ಮಾತ್ರ. ಅಮ್ಮ ದಾಟಿಸಿದ ದನಿ ಉದ್ದಣ್ಣನ ಹೆಂಡತಿಯ ಹತ್ತಿರ ಹಾಗೇ ಉಳಿದಿದೆ.

ಏನೋ ಆಗಿದೆ ಎಂದು ನಾನು ಓಡಿಹೋದಾಗ ಅವಳು ಗೋಡೆಗೆ ಒರಗಿ ಕುಳಿತಿದ್ದಳು. ಮೇಜಿನ ಮೇಲೆ ಯಾರದೋ ಬಿಳಿ ಅಂಗಿ ಸುಟ್ಟು ಹೊಗೆಯಾಡುತ್ತಿತ್ತು. ಉದ್ದಣ್ಣ ಹೋದ ವಿಷಯ ಅಮ್ಮನಿಗೆ ತಿಳಿದ ಮೇಲೆ "ಸುಡಬೇಕಿತ್ತು ನನ್ನ ಈ ಬೆರಳು" ಎಂದು ಒಂದೇ ಮಾತು ಅಂದಳು. ಅಂದಿನಿಂದ ಫೋನು ಮುಟ್ಟಿಲ್ಲ.

ವಾರ ಕಳೆದು ಉದ್ದಣ್ಣನ ಮನೆಗೆ ಕಂಪನಿಯ ಏಜೆಂಟ್ ಬಂದ, ಶೂ ಬಿಚ್ಚದೆ ಒಳಗೇ ಬಂದ. ಮಲಗಿದಲ್ಲೇ ಹೃದಯ ನಿಂತಿತಂತೆ! ಹಾಗೆಂದು ಅಚ್ಚಾದ ಹಾಳೆಗೆ ಸಹಿ ಹಾಕಬೇಕಂತೆ. ನಡುಮಧ್ಯಾಹ್ನ, ಕಬ್ಬಿಣ ಕಾಯುವ ಬಿಸಿಲಲ್ಲಿ, ಅಷ್ಟೆತ್ತರದಲ್ಲಿ ಯಾರು ಹಾಸಿಗೆ ಹಾಸಿಕೊಟ್ಟಿದ್ದರು ಅವನಿಗೆ? ನಮ್ಮವರ ಬೆವರಿಗೆ ಗಡಿ ಕೇಳದವರು ನಮ್ಮವರ ಸಾವಿಗೆ ಕತೆ ಕಟ್ಟಿ ಕಳಿಸುತ್ತಾರೆ. ಉದ್ದಣ್ಣನ ಹೆಂಡತಿ ಸಹಿ ಹಾಕಲಿಲ್ಲ, ಏಜೆಂಟನ ಮುಂದೆ ದನಿಯ ಸುದ್ದಿಯನ್ನೂ ಎತ್ತಲಿಲ್ಲ. ಅವನು ಹೋದ ಮೇಲೆ ನನ್ನನ್ನು ಕೂರಿಸಿಕೊಂಡು ನಿನ್ನ ದನಿ ಕೇಳಿಸಿದಳು. ನೀನು ಮಾತಾಡುವಾಗ ಹಿಂದೆ ಯಾರೋ ಕೆಮ್ಮುತ್ತಾರೆ. "ಇವರದೇ ಅಕ್ಕಾ. ಧೂಳು ಕುಡಿದಾಗ ಹೀಗೇ ಕೆಮ್ಮೋದು. ನೀವು ಬೇಕಾದ್ರೆ ನಗಿ, ನಾನು ದಿನಾ ಇದನ್ನ ಕೇಳೋಕೇ ಹಾಕ್ಕೊಳ್ತೀನಿ" ಎಂದಳು. ನಾನು ನಗಲಿಲ್ಲ ತಮ್ಮಾ. ಮೆರವಣಿಗೆಗಳಲ್ಲಿ ಗಂಟಲು ಹರಿಯುವಂತೆ ಕೂಗಿದವಳು, ಆ ಹೊತ್ತು 'ಇನ್ನೊಮ್ಮೆ ಹಾಕು' ಎಂದೆ.

ಮೈ ನೋಡಿಕೋ. ಹೊಟ್ಟೆ ತುಂಬ ಉಣ್ಣು. ಬೆಲ್ಟ್ ಕೊಡದೆ ಮೇಲೆ ಹತ್ತು ಅಂದರೆ ಹತ್ತಬೇಡ. ಕೆಲಸ ಹೋದರೆ ಹೋಗಲಿ, ನಾನು ಹೊಲಿಯುತ್ತೇನೆ. ತಲೆ ಸವರಿದೆ ಅಂತ ಬರೆ ಎಂದಳು ಅಮ್ಮ. ಸವರಿದ್ದಾಳೆ.

ನಿನ್ನ ಅಕ್ಕ,
ಸಂಘದ ಗಲಾಟೆಯವಳು

ಮತ್ತೆ: ಅಡುಗೆಯಣ್ಣ ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಸಹಿಗಾಗಿ ಏಜೆಂಟ್ ಈ ತಿಂಗಳ ಕೊನೆಗೆ ಮತ್ತೆ ಬರುತ್ತಾನೆ. ದೂರು ಕೊಡಬಹುದು, ಆದರೆ ಮಾತಾಡಿದವನು 'ಇದು ನನ್ನದೇ ದನಿ' ಎಂದು ಹೆಸರು ಹೇಳಿ ನಿಲ್ಲಬೇಕು ಎಂದರು ಸಂಘದ ವಕೀಲರು. ಉದ್ದಣ್ಣನ ಹೆಂಡತಿಗೆ ಹೇಳಿದೆ. "ಬೇಡ ಅಕ್ಕಾ. ನಿಮ್ಮ ತಮ್ಮನಿಗೆ ಅಲ್ಲಿ ತೊಂದರೆ ಆಗೋದಾದ್ರೆ ಸಹಿ ಹಾಕಿ, ಇದನ್ನೂ ಅಳಿಸ್ಬಿಡ್ತೀನಿ. ಒಬ್ರು ಹೋಗಿದ್ದು ಸಾಕು" ಎಂದಳು. ಕೆಮ್ಮನ್ನೂ ಸೇರಿಸಿ ಅಳಿಸುತ್ತಾಳಂತೆ, ನಿನಗೋಸ್ಕರ. ಬೇಡ ಎನ್ನುವ ಹಕ್ಕು ನನಗಿಲ್ಲ, ಹೂಂ ಎನ್ನುವ ಎದೆಯೂ ಇಲ್ಲ. ಯಾರದಾದರೂ ಫೋನು ಬೇಡಿ ಅವಳಿಗೇ ಮಾತಾಡು. ಏನು ಹೇಳುತ್ತೀಯೋ, ಅವಳ ಹೆಸರು ಹಿಡಿದು ಕರೆದು ನೀನೇ ಹೇಳು.