ನಡುಹಗಲಿನ ಉಡಿಕೆ

ಕೂಡ್ಲಿಗಿ
೨೦-೨-೨೦೦೮

ಪ್ರೀತಿಯ ದ್ಯಾಮಕ್ಕನಿಗೆ,

ನಾವೆಲ್ಲ ಕ್ಷೇಮ ಎಂದು ಒಂದು ಸಾಲು ಬರೆದು ಆಮೇಲೆ ವಿಷಯಕ್ಕೆ ಬರೋಣವೆಂದರೆ ಪೆನ್ನು ಕೇಳುತ್ತಿಲ್ಲ. ಅವ್ವನ ಉಡಿಕೆ ಆಯಿತು ಅಕ್ಕಾ. ಹೋದ ಭಾನುವಾರ, ಕಾನಹೊಸಹಳ್ಳಿಯ ಆಚೆ ಬಂಗಾರಪ್ಪನವರ ಹೊಲದಲ್ಲಿ, ನೆತ್ತಿಯ ಮೇಲೆ ಸೂರ್ಯನಿದ್ದಾಗ ಆಯಿತು.

ಕಡಲೆ ಕೀಳುವ ಕೆಲಸವಿದೆ, ಬರಲಿಕ್ಕೆ ಆಗುವುದಿಲ್ಲ ಎಂದು ನೀನು ಫೋನಿನಲ್ಲಿ ಹೇಳಿದ್ದನ್ನು ಅವ್ವನಿಗೆ ಹಾಗೆಯೇ ಮುಟ್ಟಿಸಿದೆ. ಅವ್ವ ಮತ್ತೆ ಮದುವೆಯಾಗುವುದಕ್ಕೆ ಅರಸೀಕೆರೆಯಲ್ಲಿ ನಿನ್ನ ಅತ್ತೆ ಏನಂದರೋ, ನೀನು ಏನೇನು ಕೇಳಿಸಿಕೊಂಡೆಯೋ, ಅದನ್ನು ನಾನು ಕೆದಕುವುದಿಲ್ಲ. ಭಾವನ ಮೊಬೈಲ್ ಹಿಡಿದು ಎಲ್ಲರ ಎದುರು ನಿಂತು ನೀನಾದರೂ ಎಷ್ಟು ಮಾತಾಡಬಲ್ಲೆ? ಅದಕ್ಕೇ ಸ್ಟುಡಿಯೋದಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಈ ಕಾಗದ ಬರೆಯುತ್ತಿದ್ದೇನೆ.

ಬಂಗಾರಪ್ಪನವರನ್ನು ನೀನು ಸರಿಯಾಗಿ ನೋಡಿಲ್ಲ. ಅವ್ವ ಬಿಸಿಯೂಟ ಮಾಡುವ ಶಾಲೆಗೆ ತಮ್ಮ ತೋಟದ ಬದನೆ, ಟೊಮೆಟೊ ತಂದು ಹಾಕುವವರು ಅವರೇ. ಹೆಂಡತಿ ತೀರಿಕೊಂಡು ವರ್ಷಗಳಾಗಿವೆ, ಮಕ್ಕಳಿಲ್ಲ. ಒಂದಿಷ್ಟು ಕುರಿ, ಒಂದು ಬೋರ್‌ವೆಲ್. ಮಾತು ಬಹಳ ಕಡಿಮೆ. ಮಳೆಗಾಲದಲ್ಲಿ ಅವ್ವ ಜ್ವರ ಬಂದು ಮಲಗಿದ್ದಾಗ ತರಕಾರಿ ಚೀಲ ಹೊತ್ತು ನಮ್ಮ ಬಾಗಿಲಿಗೇ ಬಂದಿದ್ದರು. ಒಳಗೆ ಕಾಲಿಡದೆ, ಎಲ್ಲಿ ಇಡಲಿ ಎಂದು ಕೇಳಿ, ಇಟ್ಟು ಹೋದರು. ಕೇಳಬೇಕಾದ ಮಾತನ್ನು ಮಾತ್ರ ಆಮೇಲೊಂದು ದಿನ ಗಾಳೆಮ್ಮಜ್ಜಿಯ ಹತ್ತಿರ ಕೇಳಿದರು. ಅಜ್ಜಿ ಮಗಳನ್ನು ಕೇಳಿದಳು. ಅವ್ವ ಬಹಳ ದಿನ ಆ ಮಾತೇ ಎತ್ತಲಿಲ್ಲ. ಒಂದು ಸಂಜೆ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆಯೇ ಹೂಂ ಅಂದಳು.

ತಂಟೆ ತೆಗೆದವನು ಚನ್ನಬಸವ ಮಾವ. ತಂಗಿ ಮತ್ತೆ ಮನೆ ಮಾಡುವುದಕ್ಕೆ ಅವನ ಅಡ್ಡಿ ಇರಲಿಲ್ಲ. ಆದರೆ ಗಂಡ ಸತ್ತವಳಿಗೆ ಸೀರೆ ಉಡಿಸಿ ಕಳಿಸುವ ಈ ಉಡಿಕೆ ಕತ್ತಲಾದ ಮೇಲೇ ಆಗಬೇಕು, ಮುತ್ತೈದೆಯರು ನೋಡಬಾರದು, ಡೊಳ್ಳು ಬೇಡ, ಫೋಟೋ ಅಂತೂ ಬೇಡವೇ ಬೇಡ ಎಂದು ಕೂತ. ಹಿಂದಿನಿಂದ ಹಾಗೇ ನಡೆದು ಬಂದಿದೆ ಎನ್ನುವುದು ಅವನ ವಾದ. ನಾನು ಜಗಳಕ್ಕೆ ನಿಂತಿದ್ದೆ. ಅಷ್ಟರಲ್ಲಿ ಅವ್ವ ಒಳಗಿಂದ ಬಂದು, “ಕತ್ತಲಾಗ ಬ್ಯಾಡಣ್ಣ. ನಾನೇನು ಕದ್ದು ಹೊಂಟೀನೇನು?” ಅಂದಳು. ಅವಳು ಅಣ್ಣನಿಗೆ ಎದುರು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾವ ಇನ್ನೂ ಬಿಗಿದುಕೊಂಡೇ ಇದ್ದ. ಆಗ ಕಟ್ಟೆಯ ಮೇಲೆ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಬಾಯಿ ಬಿಟ್ಟಳು. “ನನ್ನ ಉಡಿಕಿ ಕತ್ತಲಾಗ ಆತು. ಕಟ್ಟಿದಾವ ಹೆಂಗದಾನ ಅಂತ ನಾ ನೋಡಿದ್ದು ಮರುದಿನ ಮುಂಜಾನಿ, ಕುರಿ ಹಟ್ಟ್ಯಾಗ. ನನ್ನ ಮಗಳಿಗೆ ಅದು ಬ್ಯಾಡ.” ಹಾಗೆ ನೋಡಿದಾಗ ಅಜ್ಜ ಚೆಲುವನೇ ಇದ್ದ, ಅದು ತನ್ನ ಪುಣ್ಯ ಎಂದೂ ಸೇರಿಸಿದಳು. ಆ ಕತ್ತಲಿನ ಉಡಿಕೆಯಿಂದ ಹುಟ್ಟಿದ ಮಗನೇ ಚನ್ನಬಸವ ಮಾವ. ಟವೆಲ್ ಕೊಡವಿ ಎದ್ದುಹೋದ. ಭಾನುವಾರ ಮಾತ್ರ ಎಲ್ಲರಿಗಿಂತ ಮೊದಲು ಬಂದ.

ನಮ್ಮ ಸ್ಟುಡಿಯೋದ ಓಬಳೇಶಪ್ಪನವರು ಹೊಸ ಡಿಜಿಟಲ್ ಕ್ಯಾಮೆರಾವನ್ನೂ ದೊಡ್ಡ ಫ್ಲ್ಯಾಶನ್ನೂ ನನ್ನ ಕೈಗೆ ಕೊಟ್ಟು, ನಿನ್ನ ತಾಯಿಯ ಕಾರ್ಯ, ನೀನೇ ತೆಗಿ ಎಂದಿದ್ದರು. ಒಂಟಿಯಾಗಿ ನಾನು ತೆಗೆಯುವ ಮೊದಲ ಮದುವೆ ನನ್ನವ್ವನದೇ ಆಗುತ್ತದೆಂದು ಯಾರಿಗೆ ಗೊತ್ತಿತ್ತು?

ಶಾಲೆಯಲ್ಲಿ ಅವ್ವನ ಜೊತೆ ಅಡುಗೆ ಮಾಡುವ ಹೆಂಗಸರೆಲ್ಲ ಬಂದಿದ್ದರು. ಯಾರನ್ನೂ ಕೇಳದೆ ತಾವೇ ಅವಳಿಗೆ ಅರಿಷಿಣ ಹಚ್ಚಿದರು, ಹಸಿರು ಬಳೆ ತೊಡಿಸಿದರು. ಬಂಗಾರಪ್ಪನವರು ತಂದ ಸೀರೆ ಕುಂಕುಮದ ಬಣ್ಣದ್ದು. ಹೊಲದಲ್ಲೇ, ಹಟ್ಟಿಯ ಚಪ್ಪರದ ಮುಂದೆ ಕಂಬಳಿ ಹಾಸಿ, ಅವರು ಬೀರಪ್ಪ ದೇವರ ಹೆಸರು ಹೇಳಿ ತಾಳಿ ಕಟ್ಟಿದರು.

ಆಮೇಲೆ ಇಬ್ಬರನ್ನೂ ನಿಲ್ಲಿಸಿ ಒಂದು ತೆಗೆದೆ. ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ನೋಡಿದೆ. ಬಂಗಾರಪ್ಪನವರ ರುಮಾಲು ಅರಳೆಯ ಉಂಡೆಯ ಹಾಗೆ ಬೆಳ್ಳಗೆ, ಅದರ ಕೆಳಗೆ ಮುಖವೇ ಇಲ್ಲ. ಅವ್ವ ತಲೆ ತುಂಬ ಸೆರಗು ಹೊದ್ದಿದ್ದಳು. ಸೆರಗಿನೊಳಗೆ ಬರೀ ಕಪ್ಪು. ಮಾವ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ. “ನೋಡು, ಮಕಾನೇ ಬರವಲ್ದು. ಇದು ರಾತ್ರಿ ಮಾಡೋ ಕೆಲಸ ಅಂತ ಮಿಷನ್ನಿಗೂ ಗೊತ್ತೈತಿ,” ಅಂದ. ತಮಾಷೆಗೇ ಅಂದಿರಬೇಕು. ನಾಲ್ಕು ಜನ ನಕ್ಕರು. ಅವ್ವ ನಗಲಿಲ್ಲ. ಫೋಟೋ ಇರಲಿ ಬಿಡು, ಊಟಕ್ಕೆ ಬಡಿಸೋಣ ಎನ್ನುತ್ತಾ ಚಪ್ಪರದ ಕಡೆ ತಿರುಗಿಬಿಟ್ಟಳು.

ಅವಳ ಕೈ ಹಿಡಿದು ನಿಲ್ಲಿಸಿದೆ. ಓಬಳೇಶಪ್ಪನವರು ಸ್ಟುಡಿಯೋದ ಹಿತ್ತಲಲ್ಲಿ ಹೇಳಿಕೊಟ್ಟದ್ದು ಆಗ ನೆನಪಾಯಿತು. ನೆತ್ತಿಯ ಬಿಸಿಲು ಹುಬ್ಬಿನ ಕೆಳಗೆ ಗುಳಿ ತೋಡುತ್ತದೆ, ಬಿಸಿಲಿಗೆ ಮುಖ ಕೊಟ್ಟರೆ ಜನ ಕಣ್ಣು ಕಿವುಚುತ್ತಾರೆ. ಅದಕ್ಕೆ ಬೆನ್ನನ್ನು ಸೂರ್ಯನಿಗೆ ಬಿಡು, ಮುಖವನ್ನು ಫ್ಲ್ಯಾಶಿಗೆ ಬಿಡು ಎಂದಿದ್ದರು. ಇಬ್ಬರನ್ನೂ ಚಪ್ಪರಕ್ಕೆ ಬೆನ್ನು ಮಾಡಿ ನಿಲ್ಲಿಸಿದೆ. ಸೂರ್ಯ ಹಿಂದಾದ. ಕ್ಯಾಮೆರಾದ ನೆತ್ತಿಗೆ ಫ್ಲ್ಯಾಶ್ ಏರಿಸಿದೆ. ಹೆಂಗಸರಿಗೆ ನಗು ತಡೆಯಲಾಗಲಿಲ್ಲ. ಇಷ್ಟು ಬಿಸಿಲಿದ್ದರೂ ಹುಡುಗಿಗೆ ಬೆಳಕು ಸಾಲದಂತೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಮೊದಲನೆಯದು ಕೆಟ್ಟಿತು. ಫ್ಲ್ಯಾಶ್ ಜೋರಾಗಿ, ಇಬ್ಬರೂ ಮುಖಕ್ಕೆ ಜೋಳದ ಹಿಟ್ಟು ಮೆತ್ತಿಕೊಂಡ ಹಾಗೆ ಬಂದರು. ಫ್ಲ್ಯಾಶ್ ಹಾಕಿದಾಗ ಶಟರನ್ನು ತೀರಾ ವೇಗವಾಗಿ ಇಡುವ ಹಾಗೂ ಇಲ್ಲ; ಇಟ್ಟರೆ ಚಿತ್ರದ ಒಂದು ಬದಿಗೆ ಕಪ್ಪು ಪಟ್ಟಿ ಬೀಳುತ್ತದೆ. ಅದಕ್ಕೆ ಶಟರಿನ ವೇಗ ಇಳಿಸಿ, ಲೆನ್ಸಿನ ಬಾಯಿ ಕಿರಿದು ಮಾಡಿ, ಫ್ಲ್ಯಾಶಿನ ಜೋರನ್ನು ಅರ್ಧಕ್ಕಿಂತ ಕೆಳಗೆ ತಂದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಒತ್ತಿದೆ.

ಬಂತು ಅಕ್ಕಾ. ಹಿಂದಿನ ಆಕಾಶ ನೀಲಿಯಾಗಿಯೇ ಇತ್ತು. ರುಮಾಲಿನ ಅಂಚಿಗೆ, ಸೆರಗಿನ ಅಂಚಿಗೆ ಬಿಸಿಲು ಜರಿ ಹಾಕಿದ ಹಾಗೆ ಹತ್ತಿಕೊಂಡಿತ್ತು. ಸೆರಗಿನೊಳಗೆ ಅವ್ವನ ಮುಖ, ಅವಳದೇ ಬಣ್ಣ, ಅರಿಷಿಣ ಅಲ್ಲಲ್ಲಿ ಉಳಿದ ಗಲ್ಲ, ಎರಡೂ ಕಣ್ಣಲ್ಲಿ ಒಂದೊಂದು ಬೆಳಕಿನ ಚುಕ್ಕೆ. ಬಂಗಾರಪ್ಪನವರು ಯಾವುದಕ್ಕೋ ನಗುತ್ತಿದ್ದರು. ಮುಂದಿನ ಹಲ್ಲಿನ ಸಂದಿಯೂ ಕಾಣುತ್ತಿತ್ತು.

ಕ್ಯಾಮೆರಾವನ್ನು ಅವ್ವನ ಕೈಗೇ ಕೊಟ್ಟೆ. ಸೆರಗನ್ನೇ ನೆರಳು ಮಾಡಿಕೊಂಡು ಪರದೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, “ಈ ಮನಷಾ ಹಿಂಗ ನಗ್ತಾನಂತ ನನಗ ಗೊತ್ತಿರಲಿಲ್ಲ,” ಅಂದಳು. ಇಷ್ಟು ದಿನ ತಲೆ ತಗ್ಗಿಸಿಯೇ ಅವರ ಕೈಯಿಂದ ಬದನೆಕಾಯಿ ತೆಗೆದುಕೊಂಡಿದ್ದಳಲ್ಲ! ಬಂಗಾರಪ್ಪನವರಿಗೆ ಅದು ಕೇಳಿಸಿತು. ಕಿವಿ ಕೆಂಪಾಗಿ, ಕುರಿಗೆ ನೀರು ಕುಡಿಸಿಯಾಯಿತೇ ಎಂದು ಯಾರನ್ನೋ ಕೇಳುತ್ತಾ ಆಚೆ ಹೋದರು. ಹೆಂಗಸರು ಬಿದ್ದು ಬಿದ್ದು ನಕ್ಕರು. ಈ ಸಲ ಅವ್ವನೂ ನಕ್ಕಳು. ಆ ನಗು ಅಪ್ಪ ಇದ್ದಾಗ ಕೇಳಿದ್ದು.

ಅಲ್ಲಿಂದ ಮುಂದೆ ನನ್ನನ್ನು ಯಾರೂ ಬಿಡಲಿಲ್ಲ. ಎಲ್ಲರಿಗೂ ಬೆಳಕು ಹಾಕಿದ ಫೋಟೋನೇ ಬೇಕು. ಅಜ್ಜಿ ಕೋಲು ಬದಿಗಿಟ್ಟು ನಿಂತಳು. ಮಾವ ದೂರದಲ್ಲೇ ಮೀಸೆ ತೀಡುತ್ತಾ ಸುಳಿದಾಡಿ, ಕಡೆಗೆ ತಂಗಿಯ ಪಕ್ಕಕ್ಕೆ ತಾನೇ ಬಂದು ನಿಂತ. ಡೊಳ್ಳು ಬಾರಿಸಿ ಎಂದು ಕೂಗಿದವನೂ ಅವನೇ. ಎಲ್ಲರೂ ಒಟ್ಟಿಗೆ ಭಂಡಾರ ಎರಚಿದರು. ಆ ಅರಿಷಿಣದ ಪುಡಿ ಬಿಸಿಲಲ್ಲಿ ಮೇಲೆದ್ದ ಗಳಿಗೆಗೇ ನಾನು ಒತ್ತಿದೆ. ಗಾಳಿಯೆಲ್ಲ ಹಳದಿ, ನಡುವೆ ಅವರಿಬ್ಬರು. ಈ ಕಾಗದದ ಜೊತೆ ಮೂರು ಫೋಟೋ ಇಟ್ಟಿದ್ದೇನೆ. ಭಂಡಾರದ್ದು ಎಲ್ಲಕ್ಕಿಂತ ಕೆಳಗಿದೆ. ಭಾವನಿಗೂ ತೋರಿಸು. ನಿನ್ನ ಅತ್ತೆಗೆ ತೋರಿಸುವುದು ಬಿಡುವುದು ನಿನ್ನ ಇಷ್ಟ.

ಅವ್ವ ಬಂಗಾರಪ್ಪನವರ ಮನೆಯಿಂದಲೇ ಶಾಲೆಗೆ ಹೋಗಿಬರುತ್ತಿದ್ದಾಳೆ. ನಾನು ಅಜ್ಜಿಯ ಜೊತೆ ಇದ್ದೇನೆ. ನಿನ್ನ ಮಗಳಿಗೆ ಚಿಕ್ಕಮ್ಮನ ಮುತ್ತು.

ಈಗ ಮದುವೆ ಫೋಟೋಗ್ರಾಫರ್ ಆಗಿರುವ ನಿನ್ನ ತಂಗಿ,
ಪುಷ್ಪಲತಾ

ತಾ.ಕ.: ಭಂಡಾರದ ಫೋಟೋದಲ್ಲಿ ಅವರಿಬ್ಬರ ಹಿಂದೆ ಚಪ್ಪರದ ಒಳಗನ್ನು ನೋಡು. ಅಂಥ ಬಿಸಿಲಲ್ಲಿ ಹೊರಗೆ ನಿಂತ ನಮಗೆ ಆ ಒಳಗು ಕಪ್ಪಾಗಿಯೇ ಕಾಣುತ್ತಿತ್ತು. ಎಲ್ಲರೂ ಬರಲೆಂದು ಜೋರು ಮಾಡಿದ್ದ ಫ್ಲ್ಯಾಶಿನ ಬೆಳಕು ಮಾತ್ರ ಅಲ್ಲಿಯವರೆಗೂ ಹೋಗಿದೆ. ನೀರಿನ ಕೊಡಗಳ ಪಕ್ಕ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಸೆರಗನ್ನು ಬಾಯಿಗೆ ಒತ್ತಿಕೊಂಡು ನೀನು ನಿಂತಿದ್ದೀಯ. ತೋಟದ ಹಿಂದಿನ ದಾರಿಯಿಂದ ಬಂದಿರಬೇಕು. ಎಷ್ಟು ಹೊತ್ತು ಇದ್ದೆಯೋ, ಏನೇನು ನೋಡಿದೆಯೋ ಗೊತ್ತಿಲ್ಲ, ಅದಕ್ಕೇ ಎಲ್ಲವನ್ನೂ ಮೊದಲಿನಿಂದ ಬರೆದೆ. ಅವ್ವನಿಗೆ ತೋರಿಸಿದೆ. ಗೋಡೆಗೆ ಹಾಕಲು ಅದನ್ನೇ ದೊಡ್ಡದು ಮಾಡಿಸು ಅಂದಳು. ಅದರಲ್ಲಿ ಅವಳ ಎರಡೂ ಕಣ್ಣು ಮುಚ್ಚಿಹೋಗಿವೆ, ಬೇರೆಯದು ಹಾಕೋಣ ಎಂದರೂ ಕೇಳುತ್ತಿಲ್ಲ.